ಜಾಣಕಿವುಡು

ಸೈನ್ಯದ ವೈದ್ಯ ಮಂಡಳಿಯಲ್ಲಿ ಮೂವರಿದ್ದರು. ಒಬ್ಬರು ಹಲ್ಲಿನ ಡಾಕ್ಟರು. ಇನ್ನೊಬ್ಬರು ಮೂಳೆ ಡಾಕ್ಟರು. ಮೂರನೆಯವರು ಡಾಕ್ಟರೇ ಅಲ್ಲ, ಕಚೇರಿಯ ಅಧಿಕಾರಿ. ಅಕ್ಷರ ದುಂಡಗಿದ್ದುದರಿಂದ ಅವರನ್ನೂ ಸದಸ್ಯರನ್ನಾಗಿ ಮಾಡಿದ್ದರು. ಈ ಮೂವರು ಸೇರಿ ಮದ್ದಣ್ಣನ ಕಿವಿ ಪರೀಕ್ಷೆ ಮಾಡಿದರು.

ಸೈನ್ಯದಲ್ಲಿ ಕಿವಿಯ ಡಾಕ್ಟರು ಇರಲಿಲ್ಲ ಎಂದಲ್ಲ, ಇದ್ದರು. ಅವರು ಆ ತಿಂಗಳು ಇನ್ನೊಂದು ಮಂಡಳಿಯಲ್ಲಿ ಕುಳಿತು, ಹೊಸದಾಗಿ ಸೇರಲು ಬಂದವರ ಪಾದ ಚಪ್ಪಟೆಯೋ ಅಲ್ಲವೋ ಎಂದು ನೋಡುತ್ತಿದ್ದರು. ಸೈನ್ಯದಲ್ಲಿ ಮೇಲಿನವರಿಗೆ ಎಲ್ಲವೂ ಗೊತ್ತಿರುತ್ತದೆ. ಕೆಳಗಿನವರಿಗೆ ಏನೂ ಗೊತ್ತಿರುವುದಿಲ್ಲ, ತಮ್ಮ ಕಿವಿ ಕೇಳಿಸುತ್ತದೋ ಇಲ್ಲವೋ ಎಂಬುದನ್ನೂ ಅವರು ಮೇಲಿನವರನ್ನೇ ಕೇಳಿ ತಿಳಿದುಕೊಳ್ಳಬೇಕು.

ಮದ್ದಣ್ಣ ಅವನ ನಿಜವಾದ ಹೆಸರಲ್ಲ. ಮದ್ದಿನ ಮನೆಯಿಂದ ಫಿರಂಗಿಯ ತನಕ ಗುಂಡು ಹೊರುವ ಕೆಲಸ ಅವನದು, ಅದರಿಂದ ಬಂದ ಹೆಸರು. ಹದಿಮೂರು ವರ್ಷ ಹೊತ್ತ. ಒಂದೊಂದು ಗುಂಡು ನಲವತ್ತು ಕಿಲೋ. ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ತಬ್ಬಿ, ಎದೆಗೆ ಒತ್ತಿಕೊಂಡು ಓಡಬೇಕು. ಒಂದನ್ನು ಕೊಟ್ಟು ಇನ್ನೊಂದಕ್ಕೆ ತಿರುಗುವಷ್ಟರಲ್ಲಿ ಹಿಂದೆ ಫಿರಂಗಿ ಹಾರುತ್ತದೆ. ನೆಲ ಅದುರುತ್ತದೆ. ಹಲ್ಲು ಕಟಕಟ ಅನ್ನುತ್ತದೆ. ಕಿವಿ ಮುಚ್ಚಿಕೊಳ್ಳಬೇಕು ಎಂಬುದು ನಿಯಮ, ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೂ ಇದ್ದರು. ಎರಡೂ ಕೈಯಲ್ಲಿ ಗುಂಡಿರುವವನು ಯಾವ ಕೈಯಿಂದ ಮುಚ್ಚಿಕೊಳ್ಳಬೇಕು ಎಂಬುದನ್ನು ಬರೆದಿರಲಿಲ್ಲ. ಮೂವತ್ತು ಮಾರು ದೂರದಲ್ಲಿ ನಿಂತು, ಹಾರಿಸಿ ಎಂದು ಕೈ ಎತ್ತುವ ಸಾಹೇಬರಿಗೆ ಮಾತ್ರ ಮೆತ್ತನೆಯ ಕಿವಿಗವಸು ಕೊಟ್ಟಿದ್ದರು. ಅವರ ಎರಡು ಕೈಯೂ ಖಾಲಿ ಇರುತ್ತಿದ್ದವು.

ಎಂಟನೆಯ ವರ್ಷ ಎಡಗಿವಿ ಹೋಯಿತು. ಹೋಗುವ ಮೊದಲು ಒಂದು ತಿಂಗಳು ಜೀರುಂಡೆಯ ಹಾಗೆ ಜುಂಯ್ ಅನ್ನುತ್ತಿತ್ತು. ಆಮೇಲೆ ಅದೂ ನಿಂತಿತು. ಬಲಗಿವಿಯಲ್ಲಿ ಚೂರುಪಾರು ಉಳಿದಿತ್ತು. ಸಂಜೆ ಮಗಳು ಬಂದು ಆ ಕಿವಿಗೆ ಬಾಯಿ ಹಚ್ಚಿ ಶಾಲೆಯ ಪಾಠ ಓದಿದರೆ ಮಾತ್ರ ಕೇಳಿಸುತ್ತಿತ್ತು. ಒಂಬತ್ತು ವರ್ಷದ ಹುಡುಗಿ. ಅವಳ ಉಸಿರು ಬಿಸಿಯಾಗಿ ಕಿವಿಗೆ ತಾಗುತ್ತಿತ್ತು, ಅಕ್ಷರಗಳು ದೂರದ ಬಾವಿಯಿಂದ ಬಂದ ಹಾಗೆ ಬರುತ್ತಿದ್ದವು. ಅವನ ಪಾಲಿಗೆ ಉಳಿದಿದ್ದ ಲೋಕದ ಶಬ್ದ ಅಷ್ಟೇ.

ಮದ್ದು ಅಂದರೆ ಎರಡು ಅರ್ಥ. ಒಂದು ಸಿಡಿಯುವುದು, ಇನ್ನೊಂದು ವಾಸಿ ಮಾಡುವುದು. ಹದಿಮೂರು ವರ್ಷ ಮೊದಲನೆಯ ಮದ್ದನ್ನು ಹೊತ್ತವನು ಒಂದು ದಿನ ಎರಡನೆಯದನ್ನು ಕೇಳಲು ಹೋದ. ಔಷಧವನ್ನೂ ಅವನು ಕೇಳಲಿಲ್ಲ. ಕೇಳಿದ್ದು ಕಾಗದದ ಮೇಲೆ ಒಂದು ಸಾಲು: ಈತನ ಕಿವಿ ಹೋದದ್ದು ಫಿರಂಗಿಯಿಂದ. ಆ ಸಾಲು ಇದ್ದರೆ ಸೈನ್ಯ ಅವನನ್ನು ಮರ್ಯಾದೆಯಿಂದ ಬಿಟ್ಟು ಕಳಿಸಬೇಕು. ಇಲ್ಲದಿದ್ದರೆ ಅವನು ಮತ್ತೆ ಫಿರಂಗಿಯ ಪಕ್ಕಕ್ಕೆ ಹೋಗಬೇಕು, ಬಲಗಿವಿಯನ್ನೂ ಅಲ್ಲಿ ಇಟ್ಟು ಬರಬೇಕು.

ಮಂಡಳಿಯ ಕೋಣೆಯ ಹೊರಗೆ ಉದ್ದನೆಯ ಓಣಿಯಂಥ ಜಾಗ. ಅಲ್ಲಿ ನಲವತ್ತು ಜನ ಚಡ್ಡಿಯಲ್ಲಿ ಸಾಲಾಗಿ ನಿಂತಿದ್ದರು. ಬಟ್ಟೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಕಿವಿ ನೋಡಲು ಚಡ್ಡಿಯ ತನಕ ಯಾಕೆ ಬಿಚ್ಚಬೇಕು ಎಂದು ಕೇಳುವ ಹಾಗಿರಲಿಲ್ಲ. ಬಟ್ಟೆ ಹಾಕಿಕೊಂಡವನ ಮುಂದೆ ಬಟ್ಟೆ ಇಲ್ಲದವನು ಜಾಸ್ತಿ ಮಾತಾಡುವುದಿಲ್ಲ ಎಂಬುದು ಮಂಡಳಿಗೆ ಗೊತ್ತಿತ್ತು.

ಅಧ್ಯಕ್ಷರು ಹಲ್ಲಿನ ಡಾಕ್ಟರು. ಅಭ್ಯಾಸಬಲದಿಂದ ಮೊದಲು ಬಾಯಿ ತೆಗೆಸಿದರು. ದವಡೆ ಹಲ್ಲೊಂದು ಹುಳುಕಾಗಿದೆ ಎಂದು ಸಂತೋಷದಿಂದ ಬರೆಸಿದರು. ಮೂಳೆ ಡಾಕ್ಟರು ಮೊಣಕಾಲು ಬಡಿದರು, ಮೊಣಕಾಲು ಹಾರಿತು, ಅದನ್ನೂ ಬರೆಸಿದರು. ಆಮೇಲೆ ಅಧ್ಯಕ್ಷರು ಮೇಜಿನ ಆ ಕಡೆಯಿಂದ, ಮುಖಕ್ಕೆ ಮುಖ ಕೊಟ್ಟು, “ಕೇಳಿಸ್ತಿದೆಯೇನಯ್ಯಾ?” ಅಂದರು.

ಫಿರಂಗಿಯ ತಂಡದಲ್ಲಿ ಯಾರೂ ಮಾತು ಕೇಳಿಸಿಕೊಳ್ಳುವುದಿಲ್ಲ. ಬಾಯಿ ನೋಡುತ್ತಾರೆ, ಕೈ ನೋಡುತ್ತಾರೆ. ಹದಿಮೂರು ವರ್ಷ ಬಾಯಿ ನೋಡಿಯೇ ಹೊಟ್ಟೆ ಹೊರೆದುಕೊಂಡ ಮದ್ದಣ್ಣ ಅಧ್ಯಕ್ಷರ ಬಾಯಿ ನೋಡಿ, “ಇಲ್ಲ ಸಾಹೇಬ್ರೆ” ಅಂದ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಕೇಳಿಸದಿದ್ದರೆ ಉತ್ತರ ಹೇಗೆ ಕೊಟ್ಟ? ಕಳ್ಳ ಕೈಗೆ ಸಿಕ್ಕಿದ್ದ. ಆದರೂ ಅಧ್ಯಕ್ಷರು ನ್ಯಾಯವಂತರು. ಇನ್ನೊಂದು ಪರೀಕ್ಷೆ ಮಾಡಿಯೇಬಿಡೋಣ ಎಂದು, ಹೋಗು ಎಂದು ಕೈಸನ್ನೆ ಮಾಡಿದರು. ಮದ್ದಣ್ಣ ಬೆನ್ನು ತಿರುಗಿಸಿ ಬಾಗಿಲ ತನಕ ಹೋದ ಮೇಲೆ ಹಿಂದಿನಿಂದ ಮೆಲ್ಲಗೆ, “ಬಾಗಿಲು ಹಾಕ್ಕೊಂಡು ಹೋಗು” ಅಂದರು. ಮದ್ದಣ್ಣ ಬಾಗಿಲು ಹಾಕಿಕೊಂಡು ಹೋದ.

ವರದಿ ಮೂರು ದಿನದಲ್ಲಿ ಬಂತು. ದುಂಡನೆಯ ಅಕ್ಷರ. “ಸದರಿಯವನಿಗೆ ಬೆನ್ನ ಹಿಂದಿನಿಂದ ಮೆಲುದನಿಯಲ್ಲಿ ಬಾಗಿಲು ಮುಚ್ಚಿಕೊಂಡು ಹೋಗಲು ಹೇಳಲಾಗಿ, ಕೂಡಲೇ ಮುಚ್ಚಿರುತ್ತಾನೆ. ಇವನದು ಜಾಣಕಿವುಡು. ಫಿರಂಗಿ ಸೇವೆಗೆ ಯೋಗ್ಯ.”

ಅದೇ ವಾರ, ಅದೇ ಮಂಡಳಿಯ ಮುಂದೆ, ಮೂವತ್ತು ಮಾರು ದೂರ ನಿಲ್ಲುತ್ತಿದ್ದ ಸಾಹೇಬರೂ ಬಂದಿದ್ದರು. ಅವರಿಗೆ ಮಲಗಿದಾಗ ಕಿವಿಯಲ್ಲಿ ಸಣ್ಣಗೆ ಗಂಟೆ ಬಾರಿಸಿದ ಹಾಗೆ ಆಗುತ್ತಿತ್ತಂತೆ. ಅವರಿಗೆ ಕುರ್ಚಿ ಹಾಕಿದರು. ಚಡ್ಡಿಯ ಮಾತೇ ಬರಲಿಲ್ಲ. ಗಂಟೆ ಬಾರಿಸುತ್ತಿದೆ ಎಂದು ಅವರು ಹೇಳಿದರು, ಬಾರಿಸುತ್ತಿದೆ ಎಂದು ಮಂಡಳಿ ಒಪ್ಪಿತು. ಸೇವೆಯಲ್ಲಿ ಆದ ಊನ ಎಂದು ಬರೆದು, ಹಾರ ಹಾಕಿ ಕಳಿಸಿಕೊಟ್ಟರು. ಒಂದೇ ಫಿರಂಗಿಯ ಸದ್ದಿಗೆ ಯಾರ ಕಿವಿಗೆ ಹೋಗಬೇಕು, ಯಾರ ಕಿವಿಗೆ ಹೋಗಬಾರದು ಎಂಬ ತಿಳಿವಳಿಕೆ ಇತ್ತು.

ಮದ್ದಣ್ಣನ ಹೆಂಡತಿ ಸೈನ್ಯದ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಬೆರಳ ಸಂದಿಯೆಲ್ಲ ಸೋಡಾದಲ್ಲಿ ಬೆಂದು ಬಿರಿದಿತ್ತು. ಅವಳೇ ಊರೆಲ್ಲ ವಿಚಾರಿಸಿ ಒಬ್ಬ ವಕೀಲಮ್ಮನನ್ನು ಹುಡುಕಿದಳು. ಅಂಚು ಸವೆದ ಒಂದೇ ಕರಿಕೋಟಿನ ಹೆಂಗಸು. ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ, ಎರಡು ಬೆಂಚು ಹಾಕಿದ ಕೋಣೆಯೇ ಆಕೆಯ ಕಚೇರಿ. ಆಕೆ ವರದಿ ಓದಿದಳು. ಉಳಿದದ್ದೆಲ್ಲ ಸರಿ, ಆದರೆ ಈ ಬಾಗಿಲಿನ ವಿಷಯಕ್ಕೆ ಏನು ಹೇಳೋದು ಎಂದು ಕೇಳಿದಳು.

ಹೆಂಡತಿ ನಕ್ಕುಬಿಟ್ಟಳು. ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಅಮ್ಮಾ, ಇವ್ರು ಹೇಳದೇ ಇದ್ರೂ ಹಾಕ್ತಾರೆ. ಬೇಡ ಅಂದ್ರೂ ಹಾಕ್ತಾರೆ. ಬಟ್ಟೆ ಒಣಗ್ಸೋಕೆ ಹೋದ ನನ್ನನ್ನ ಹೊರಗೆ ಬಿಟ್ಟು ಎಷ್ಟು ಸಲ ಚಿಲಕ ಹಾಕಿಲ್ಲ! ಬಡಿದ್ರೆ ಕೇಳ್ಸುತ್ತಾ? ಕಿಟಕಿ ಹತ್ರ ಹೋಗಿ ಕೈ ಬೀಸ್ಬೇಕು. ಇವ್ರು ಸತ್ರೂ ಬಾಗ್ಲು ಹಾಕ್ಕೊಂಡೇ ಹೋಗೋದು.”

ಮದ್ದಣ್ಣ ಇಬ್ಬರ ಬಾಯಿಯನ್ನೂ ನೋಡುತ್ತಿದ್ದ. ಅವನಿಗೆ ನಗು ಬರಲಿಲ್ಲ. ಕಿವುಡರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲ, ಕೆಳಗಿನ ಅಂಗಡಿಯವರಿಗೂ ಕೇಳುವಷ್ಟು ಜೋರಾಗಿ ಹೇಳಿದ. ಮದ್ದಿನ ಮನೆಯಿಂದ ಕೊನೆಗೆ ಹೊರಗೆ ಬರುವವನು ಬಾಗಿಲು ಎಳೆಯಬೇಕು. ಒಂದು ಕಿಡಿ ಒಳಗೆ ಹೋದರೆ ಯಾರೂ ಉಳಿಯುವುದಿಲ್ಲ. ಸೇರಿದ ಮೊದಲ ವರ್ಷ ಒಂದೇ ಒಂದು ಸಲ ಮರೆತಿದ್ದ. ಬಿಸಿಲಲ್ಲಿ, ತಲೆಯ ಮೇಲೆ ಗುಂಡು ಹೊರಿಸಿ, ಮೈದಾನವನ್ನು ಸುತ್ತಿಸಿದರು. ಒಂದೊಂದು ಸುತ್ತಿಗೂ ಮದ್ದಿನ ಮನೆಯ ಮುಂದೆ ನಿಂತು, ಬಾಗಿಲು ಹಾಕಿದೆ ಸಾಹೇಬ್ರೆ ಎಂದು ಕೂಗಬೇಕು. ಹನ್ನೊಂದನೆಯ ಸುತ್ತಿಗೆ ಬಿದ್ದ. ಬಿದ್ದಲ್ಲೇ ಕೂಗಿಸಿದರು. ಸುತ್ತ ನಿಂತವರಿಗೆ ನಗಬೇಕೆಂದು ಅಪ್ಪಣೆಯಾಗಿತ್ತು, ಅವರು ನಕ್ಕರು. ಆವತ್ತಿನಿಂದ ಯಾವ ಬಾಗಿಲು ದಾಟಿದರೂ ಕೈ ತಾನಾಗಿ ಹಿಂದೆ ಹೋಗುತ್ತಿತ್ತು. ಆ ಕೈ ಈಗ ಅವನ ಮಾತನ್ನೇ ಕೇಳುತ್ತಿರಲಿಲ್ಲ.

ವಕೀಲಮ್ಮ ಅರ್ಜಿ ಬರೆದಳು.

ಸರ್ಕಾರಿ ವಕೀಲರು ನ್ಯಾಯಾಲಯದಲ್ಲಿ ಎದ್ದು ನಿಂತು, ಇದು ವಿಚಾರಣೆಗೇ ಬರುವ ವಿಷಯವಲ್ಲ ಎಂದರು. ಕಾಯಿದೆಯ ಪುಸ್ತಕ ತೆಗೆದು ಕಲಂ ಓದಿದರು. ಮಂಡಳಿಯ ಅಭಿಪ್ರಾಯವೇ ಅಂತಿಮ, ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ. ನ್ಯಾಯಾಧೀಶರು ವಯಸ್ಸಾದವರು, ಕನ್ನಡಕವನ್ನು ಹಣೆಗೇರಿಸಿ, ಮಂಡಳಿಯಲ್ಲಿ ಕಿವಿಯ ಡಾಕ್ಟರು ಇದ್ದರೇ ಎಂದು ಕೇಳಿದರು. ಸರ್ಕಾರಿ ವಕೀಲರು ಆ ಪ್ರಶ್ನೆಯನ್ನು ಕಿವಿಯ ಮೇಲೆ ಹಾಕಿಕೊಳ್ಳದೆ, ಮಂಡಳಿಯನ್ನು ಇಡಿಯಾಗಿ ನೋಡಬೇಕು, ಹಲ್ಲು ಬೇರೆ ಕಿವಿ ಬೇರೆ ಎಂದು ಬಿಡಿಸಿ ನೋಡಬಾರದು, ಹಾಗೆ ನೋಡಿದರೆ ಸೈನ್ಯದ ಶಿಸ್ತು ಏನಾಗಬೇಕು ಎಂದರು.

ವಕೀಲಮ್ಮ ಜಾಸ್ತಿ ವಾದ ಮಾಡಲಿಲ್ಲ. ಎದ್ದು ಹೋಗಿ ನ್ಯಾಯಾಧೀಶರ ಮುಂದೆ ಒಂದು ಚೀಟಿ ಇಟ್ಟಳು. ಮದ್ದಣ್ಣನಿಗೆ ಹೊರಗೆ ಹೋಗಿ ಕುಳಿತುಕೋ ಎಂದು ಸನ್ನೆ ಮಾಡಿದಳು. ಅವನು ಬೆನ್ನು ತಿರುಗಿಸಿ ಹೊರಟ. ಬಾಗಿಲ ಹತ್ತಿರ ಹೋದಾಗ ನ್ಯಾಯಾಧೀಶರು ಚೀಟಿ ನೋಡಿಕೊಂಡು, ಎಲ್ಲರಿಗೂ ಕೇಳುವಂತೆ, “ಬಾಗಿಲು ಹಾಕಬೇಡ, ತೆಗೆದೇ ಇರಲಿ” ಅಂದರು. ಮದ್ದಣ್ಣ ಬಾಗಿಲು ಹಾಕಿಕೊಂಡು ಹೋದ.

ಇಡೀ ನ್ಯಾಯಾಲಯ ಬಿದ್ದು ಬಿದ್ದು ನಕ್ಕಿತು. ಜವಾನ ಹೋಗಿ ಬಾಗಿಲು ತೆಗೆದು ಅವನನ್ನು ಒಳಕ್ಕೆ ಕರೆದಾಗ ಇನ್ನೂ ನಗುತ್ತಿದ್ದರು. ಮದ್ದಣ್ಣನಿಗೆ ಸದ್ದಿಲ್ಲ, ಬರೀ ತೆರೆದ ಬಾಯಿಗಳು ಕಂಡವು. ಹನ್ನೆರಡು ವರ್ಷದ ಹಿಂದೆ ಮೈದಾನದಲ್ಲಿ ಕಂಡವೂ ಅಂಥವೇ ಬಾಯಿಗಳು. ತಾನೇನು ತಪ್ಪು ಮಾಡಿದೆ ಎಂದು ಅವನು ಹೆಂಡತಿಯ ಕಡೆ ನೋಡಿದ. ಅವಳೊಬ್ಬಳೇ ನಗುತ್ತಿರಲಿಲ್ಲ. ಗೆದ್ದಿರಿ ಎಂದು ತುಟಿ ಆಡಿಸಿದಳು. ಕಣ್ಣು ಒದ್ದೆಯಾಗಿತ್ತು.

ಗೆದ್ದಿದ್ದು ಅಷ್ಟಕ್ಕಷ್ಟೇ. ನ್ಯಾಯಾಧೀಶರು, ಈ ಮನುಷ್ಯನಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ನನಗೆ ಕಾಣುತ್ತಿದೆ, ಆದರೆ ನಾನು ಡಾಕ್ಟರಲ್ಲ ಎಂದರು. ಹಲ್ಲಿನ ಡಾಕ್ಟರಿಗೆ ಇದ್ದ ಧೈರ್ಯ ಅವರಿಗೆ ಇರಲಿಲ್ಲ. ವರದಿಯನ್ನು ರದ್ದು ಮಾಡಿ, ಮಂಡಳಿ ಇನ್ನೊಮ್ಮೆ ಪರೀಕ್ಷಿಸಿ ಕಾರಣ ಸಹಿತ ಅಭಿಪ್ರಾಯ ಕೊಡಲಿ ಎಂದು ಆದೇಶ ಮಾಡಿದರು. ಸಾಧ್ಯವಾದರೆ ಕಿವಿಯ ತಜ್ಞರೂ ಇರಲಿ ಎಂದೂ ಸೇರಿಸಿದರು. ಸಾಧ್ಯವಾಗಲಿಲ್ಲ. ಕಿವಿಯ ಡಾಕ್ಟರು ನೋಡಬೇಕಾದ ಪಾದಗಳು ಇನ್ನೂ ಮುಗಿದಿರಲಿಲ್ಲ.

ಮತ್ತೆ ಅದೇ ಓಣಿ, ಅದೇ ಚಡ್ಡಿ, ಅದೇ ಮೂವರು. ಈ ಸಲ ಅವರು ಮದ್ದಣ್ಣನ ಮೈ ಮುಟ್ಟಲೂ ಇಲ್ಲ. ನಿಲ್ಲಿಸಿಕೊಂಡು, ನಿನ್ನ ಅಪ್ಪ ಏನು ಕೆಲಸ ಮಾಡುತ್ತಿದ್ದ ಎಂದು ಕೇಳಿದರು. ಸಂತೆಯಲ್ಲಿ ಮೂಟೆ ಹೊರುತ್ತಿದ್ದ ಎಂದ. ತಾತ? ಅವನೂ ಮೂಟೆ. ತಾತನ ಅಪ್ಪ? ಮೂಟೆಯೇ ಇರಬೇಕು ಸಾಹೇಬ್ರೆ, ಬೇರೆ ಏನು ಕೊಟ್ಟಾರು ಎಂದ ಮದ್ದಣ್ಣ. ಮೂವರೂ ತಲೆದೂಗಿದರು. ನ್ಯಾಯಾಲಯ ಕಾರಣ ಕೇಳಿತ್ತು, ಅವರಿಗೆ ಅದು ಸಿಕ್ಕಿತು.

“ಸದರಿಯವನಿಗೆ ಕಿವುಡು ಇರುವುದು ನಿಜ. ಆದರೆ ತಲತಲಾಂತರದಿಂದ ತಲೆಯ ಮೇಲೆ ಹೊರೆ ಹೊತ್ತ ಇಂಥ ಮನೆತನಗಳಲ್ಲಿ ಕಿವಿಯ ನರ ಹುಟ್ಟಿನಿಂದಲೇ ಮಂದವಾಗಿರುತ್ತದೆ. ಫಿರಂಗಿಗೂ ಇದಕ್ಕೂ ಸಂಬಂಧವಿಲ್ಲ. ಹುಟ್ಟುಗಿವುಡನ್ನು ಮುಚ್ಚಿಟ್ಟು ಸೈನ್ಯ ಸೇರಿದ ವಂಚನೆಗಾಗಿ ಇವನನ್ನು ವಜಾ ಮಾಡಲು ಶಿಫಾರಸು ಮಾಡಲಾಗಿದೆ.”

ಮೊದಲ ಸಲ, ಇವನು ಕಿವುಡನೇ ಅಲ್ಲ ಎಂದರು. ಎರಡನೆಯ ಸಲ, ಇವನು ಯಾವತ್ತೂ ಕಿವುಡನೇ ಎಂದರು. ಇವನು ಕಿವುಡನಾದ ಎಂದು ಮಾತ್ರ ಯಾರೂ ಹೇಳಲಿಲ್ಲ. ಹುಟ್ಟುಗಿವುಡ ಹದಿಮೂರು ವರ್ಷ ಫಿರಂಗಿಯ ಪಕ್ಕದಲ್ಲಿ ಓಡಾಡಿದ್ದು ಯಾವ ಸಾಹೇಬರ ಕಣ್ಣಿಗೂ ಬೀಳಲಿಲ್ಲ ಎಂದರೆ, ಪಾಪ, ಅವರ ಕಣ್ಣನ್ನು ಯಾವ ಮಂಡಳಿ ನೋಡಬೇಕಿತ್ತೋ.

ವಜಾದ ಕಾಗದ ಬಂದ ದಿನ ಮದ್ದಣ್ಣ ಅದನ್ನು ಮಗಳ ಕೈಗೆ ಕೊಟ್ಟು ಬಲಗಿವಿ ಒಡ್ಡಿದ. ಅವಳು ಓದಿದಳು. ವಂಚನೆ ಎಂಬ ಪದಕ್ಕೆ ಬಂದಾಗ ನಿಂತಳು. ಹಾಗಂದರೆ ಏನು ಅಪ್ಪಾ ಎಂದು ಕೇಳಿದಳು. ಮುಂದೆ ಓದು ಎಂದು ಅವನು ಕೈಸನ್ನೆ ಮಾಡಿದ. ಅವಳು ಅದನ್ನು ಬಿಟ್ಟು ಮುಂದಿನ ಪದ ಓದಿದಳು. ಆ ರಾಗ, ಆ ತಡವರಿಕೆ, ಪಾಠ ಓದುವಾಗ ಇರುವಂಥದ್ದೇ. ಅವನಿಗೆ ಮೈ ಉರಿಯಿತು. ಹೊರೆ ಹೊತ್ತ ಅಪ್ಪ ಸಂತೆಯ ಆ ತುದಿಯಲ್ಲಿ ನಿಂತು ಈ ತುದಿಯ ಪಿಸುಮಾತು ಕೇಳಿಸಿಕೊಳ್ಳುತ್ತಿದ್ದ ಮನುಷ್ಯ. ಸತ್ತವನ ಕಿವಿಯನ್ನೂ ಈ ಜನ ಬಿಟ್ಟಿರಲಿಲ್ಲ.

ವಕೀಲಮ್ಮ ಮತ್ತೆ ಅರ್ಜಿ ಹಾಕಿದಳು. ಈ ಸಲ ಆಕೆ ಸೈನ್ಯದ ಕಡತದಿಂದ ಹಳೆಯ ಕಾಗದವೊಂದನ್ನು ತರಿಸಿದ್ದಳು. ಹದಿಮೂರು ವರ್ಷದ ಹಿಂದೆ, ಮದ್ದಣ್ಣ ಸೇರುವ ದಿನ ಆದ ಪರೀಕ್ಷೆಯ ಕಾಗದ. ಅದರಲ್ಲಿ ಬರೆದಿತ್ತು: ಎರಡೂ ಕಿವಿ ಉತ್ತಮ, ಇಪ್ಪತ್ತು ಅಡಿ ದೂರದ ಪಿಸುಮಾತೂ ಕೇಳಿಸುತ್ತದೆ. ಕೆಳಗೆ ಒಂದು ಸಹಿ. ಆಗಿನ್ನೂ ಹೊಸದಾಗಿ ಬಂದಿದ್ದ ಹಲ್ಲಿನ ಡಾಕ್ಟರೊಬ್ಬರದು. ಅವರು ಈಗ ಮಂಡಳಿಯ ಅಧ್ಯಕ್ಷರು.

ನ್ಯಾಯಾಧೀಶರು ಮೂರು ಕಾಗದವನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡರು. ಸೇರುವಾಗ ಕಿವಿ ಚೆನ್ನಾಗಿತ್ತು, ಇದು ಅಂತಿಮ. ಆಮೇಲೂ ಚೆನ್ನಾಗಿತ್ತು, ಇದೂ ಅಂತಿಮ. ಹುಟ್ಟಿದಾಗಿನಿಂದಲೇ ಚೆನ್ನಾಗಿರಲಿಲ್ಲ, ಇದೂ ಅಂತಿಮ. “ಇವುಗಳಲ್ಲಿ ಯಾವ ಅಂತಿಮ ಕೊನೆಯದು?” ಎಂದು ಸರ್ಕಾರಿ ವಕೀಲರನ್ನು ಕೇಳಿದರು. ಒಂದೊಂದೂ ಅದರದರ ದಿನಕ್ಕೆ ಅಂತಿಮ ಸ್ವಾಮಿ ಎಂದು ಅವರು ಮುಖ ಸ್ವಲ್ಪವೂ ಬಾಡದೆ ಹೇಳಿದರು. ಅಂಥ ಮುಖ ಸುಮ್ಮನೆ ಬರುವುದಿಲ್ಲ, ಬಹಳ ವರ್ಷ ಸರ್ಕಾರದ ಕೆಲಸ ಮಾಡಿರಬೇಕು.

ಇಷ್ಟಾದ ಮೇಲೂ ನ್ಯಾಯಾಧೀಶರು ಆ ಒಂದು ಸಾಲನ್ನು ತಾವೇ ಬರೆಯಲಿಲ್ಲ. ಕಾಯಿದೆ ಕೈ ಕಟ್ಟಿದೆ ಎಂದರು. ಆದರೆ ಕಟ್ಟಿದ ಕೈಯಲ್ಲೇ ಒಂದು ಕೆಲಸ ಮಾಡಿದರು. ಮೂರನೆಯ ಸಲ ಪರೀಕ್ಷೆಯಾಗಲಿ, ಆದರೆ ನ್ಯಾಯಾಲಯದ ಗುಮಾಸ್ತ ಆ ಕೋಣೆಯಲ್ಲಿ ಕುಳಿತಿರಲಿ, ಅಲ್ಲಿ ಯಾರೇ ಆಡಿದ ಪ್ರತಿ ಮಾತನ್ನೂ ಆದ ಪ್ರತಿ ಕ್ರಿಯೆಯನ್ನೂ ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಲಿ, ಆ ಬರಹ ನೇರವಾಗಿ ನ್ಯಾಯಾಲಯದ ಕಡತಕ್ಕೆ ಸೇರಲಿ ಎಂದು ಆದೇಶಿಸಿದರು.

ಪರೀಕ್ಷೆಯ ಹಿಂದಿನ ಸಂಜೆ ಹೆಂಡತಿ ಕಿಟಕಿಯ ಬೆಳಕಿಗೆ ಮುಖ ಮಾಡಿ ಕುಳಿತು ಬಟ್ಟೆ ಮಡಿಸುತ್ತಿದ್ದಳು. ಮನೆಯಲ್ಲಿ ಮಾತಾಡಬೇಕಾದರೆ ಅವಳು ಬೆಳಕಿಗೇ ಕೂರಬೇಕು, ಇಲ್ಲದಿದ್ದರೆ ಅವನಿಗೆ ತುಟಿ ಕಾಣುವುದಿಲ್ಲ. ಅವನು ಹೇಳಿದ, ಈ ಸಲ ಹೋಗುವುದಿಲ್ಲ, ಚಡ್ಡಿಯಲ್ಲಿ ನಿಂತು ನಿಂತು ಸಾಕಾಗಿದೆ. ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ.

“ಹೋಗಿ. ಆದ್ರೆ ಆ ಮೂರು ಜನದ ಬಾಯಿ ಯಾಕೆ ನೋಡ್ತೀರಿ? ಇಷ್ಟು ವರ್ಷ ನೋಡಿದ್ದು ಸಾಲದಾ?”

ಅವನು ಬಹಳ ಹೊತ್ತು ಅವಳ ಬಾಯಿಯನ್ನೇ ನೋಡಿದ.

ಮರುದಿನ ಬೆಳಿಗ್ಗೆ ಓಣಿಯಲ್ಲಿ ಎಂದಿನ ಹಾಗೆ ನಲವತ್ತು ಚಡ್ಡಿಗಳು. ಮದ್ದಣ್ಣ ಅಂಗಿಯ ಗುಂಡಿ ಬಿಚ್ಚಲಿಲ್ಲ. ಕಾವಲಿನವನು ಅಡ್ಡ ಬಂದ. “ನೋಡೋದು ಕಿವಿ ತಾನೆ? ಹೊರಗೇ ಇದೆ” ಎಂದು ಜೋರಾಗಿ ಹೇಳಿ ಒಳಕ್ಕೆ ಹೋದ. ಸಾಲಿನಲ್ಲಿ ಒಬ್ಬಿಬ್ಬರು ಕಂಕುಳಲ್ಲಿದ್ದ ಗಂಟನ್ನು ಕೈಗೆ ತೆಗೆದುಕೊಂಡರು. ಜೊತೆಗೆ ಬಂದಿದ್ದ ಹೆಂಡತಿ ಓಣಿಯ ಗೋಡೆಗೆ ಒರಗಿ ನಿಂತಳು.

ಕೋಣೆಯಲ್ಲಿ ಮೇಜು, ಮೇಜಿನ ಹಿಂದೆ ಮೂವರು, ಮೂಲೆಯ ಸ್ಟೂಲಿನ ಮೇಲೆ ಗುಮಾಸ್ತ. ಗುಮಾಸ್ತ ತೆಳ್ಳನೆಯ ಮುದುಕ. ಅವನ ಕೆಲಸ ಬರೆಯುವುದು. ಏನು ಬರೆಯುತ್ತಿದ್ದೇನೆ ಎಂದು ಅವನು ಆಯುಷ್ಯದಲ್ಲಿ ಯಾವತ್ತೂ ತಲೆ ಕೆಡಿಸಿಕೊಂಡವನಲ್ಲ. ಆವತ್ತು ಅಲ್ಲಿ ಇರಬೇಕಾಗಿದ್ದುದು ಅಂಥವನೇ. ಅಧ್ಯಕ್ಷರು ಗುಮಾಸ್ತನ ಕಡೆ ಒಮ್ಮೆ ನೋಡಿ, ದನಿಗೆ ಸಕ್ಕರೆ ಬೆರೆಸಿಕೊಂಡು, ಬನ್ನಿ, ಕೂತ್ಕೊಳ್ಳಿ ಎಂದರು. ಹದಿಮೂರು ವರ್ಷದಲ್ಲಿ ಸೈನ್ಯ ಮದ್ದಣ್ಣನಿಗೆ ಬಹುವಚನ ಕೊಟ್ಟದ್ದು ಅದೇ ಮೊದಲು.

ಅವನು ಕೂರಲಿಲ್ಲ.

“ನನ್ ಕಿವಿ ತಗೊಂಡಿದ್ದು ನಿಮ್ ಫಿರಂಗಿ. ನಮ್ಮಪ್ಪನ ಮೂಟೆ ಅಲ್ಲ. ಅದನ್ನ ಬರ್ಕೊಳ್ಳಿ. ಬರೆಯೋ ತನಕ ನಿಮ್ ಬಾಯಿ ನಾನು ನೋಡಲ್ಲ.”

ಹೇಳಿ, ಬೆನ್ನು ತಿರುಗಿಸಿ ನಿಂತ.

ಮೂವರಿಗೂ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮಂಡಳಿ ಬೇಕಾದಷ್ಟು ಬೆನ್ನುಗಳನ್ನು ನೋಡಿತ್ತು. ಆದರೆ ಅವೆಲ್ಲ ಮಂಡಳಿಯೇ ತಿರುಗಿಸಿದ ಬೆನ್ನುಗಳು, ತಾವಾಗಿ ತಿರುಗಿದವಲ್ಲ. ಅಧ್ಯಕ್ಷರು, ಈ ಕಡೆ ತಿರುಗಿ ಎಂದರು. ಗುಮಾಸ್ತ ಬರೆದುಕೊಂಡ. ತಿರುಗಯ್ಯಾ ಎಂದರು. ಬರೆದುಕೊಂಡ. ಮೂಳೆ ಡಾಕ್ಟರು ಮೇಜು ಗುದ್ದಿದರು. ಮೇಜಿನ ಮೇಲಿದ್ದ ತಟ್ಟೆಯೊಂದು ನೆಲಕ್ಕೆ ಬಿದ್ದು, ಹಲ್ಲು ಕೀಳುವ ಇಕ್ಕಳವೆಲ್ಲ ಚೆಲ್ಲಾಪಿಲ್ಲಿಯಾಯಿತು. ಬಾಗಿಲಾಚೆ ಇದ್ದವರು ಬೆಚ್ಚಿಬಿದ್ದರು. ಮದ್ದಣ್ಣನ ಭುಜ ಅಲುಗಲಿಲ್ಲ. ಕತ್ತೆ, ನಿನಗೇ ಹೇಳುತ್ತಿರುವುದು ಎಂದರು ಅಧ್ಯಕ್ಷರು. ಗುಮಾಸ್ತ ಪೆನ್ನು ಎತ್ತಿ, “ಕತ್ತೆ ಅನ್ನೋದನ್ನೂ ಬರೀಬೇಕಲ್ವಾ ಸ್ವಾಮಿ?” ಎಂದು ವಿನಯದಿಂದ ಕೇಳಿ, ಬರೆದೂಬಿಟ್ಟ.

ಮದ್ದಣ್ಣನ ಕಣ್ಣ ಮುಂದೆ ಬಿಳಿಯ ಗೋಡೆ, ಗೋಡೆಯ ಮೇಲೆ ಒಂದು ಮೊಳೆ. ಹದಿಮೂರು ವರ್ಷದಲ್ಲಿ ಅವನು ಯಾರ ಬಾಯಿಯನ್ನೂ ನೋಡದೆ ನಿಂತದ್ದು ಇದೇ ಮೊದಲ ಸಲ. ಇಷ್ಟು ದಿನ ಕಿವುಡು ಎಂದರೆ ಕತ್ತು ಚಾಚಿ, ಕಣ್ಣು ಬಿಟ್ಟುಕೊಂಡು, ಯಾರು ಏನು ಅನ್ನುತ್ತಾರೋ ಎಂದು ಹೆದರಿ ಸಾಯುವುದಾಗಿತ್ತು. ಈಗ ಹೆದರಿಕೆ ಬೆನ್ನ ಹಿಂದೆ ಇತ್ತು, ಅದರ ಮುಖ ಅವನಿಗೆ ಕಾಣುತ್ತಿರಲಿಲ್ಲ. ಮೊಳೆಯನ್ನು ನೋಡುತ್ತ ನಿಂತ. ಎದೆಯಲ್ಲಿ ಸುಖವಾಗುತ್ತಿತ್ತು.

ಅವನ ಲೆಕ್ಕದಲ್ಲಿ ಸಾಕು ಅನ್ನಿಸಿದಾಗ ಹೊರಟ. ಬಾಗಿಲು ತೆರೆದು ದಾಟಿದ. ಬಲಗೈ ತಾನಾಗಿ ಹಿಂದೆ ಹೋಗಿ ಹಿಡಿಕೆ ಹಿಡಿಯಿತು. ಮೈದಾನದ ಬಿಸಿಲು ನೆತ್ತಿಗೆ ಬಂತು. ಬೆರಳು ಬಿಡುತ್ತಿರಲಿಲ್ಲ. ಅವನು ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಬಿಡಿಸಿ, ಎರಡೂ ಕೈಯನ್ನು ಎದೆಗೆ ಕಟ್ಟಿಕೊಂಡು ಓಣಿಗೆ ಇಳಿದ.

ಒಳಗಿನಿಂದ ಅಧ್ಯಕ್ಷರ ದನಿ ಬಂತು. “ಬಾಗಿಲು ಹಾಕ್ಕೊಂಡು ಹೋಗೋ!” ಮೊದಲ ಸಲದ ಮೆಲುದನಿ ಅದಲ್ಲ, ಗಂಟಲು ಹರಿಯುವ ಹಾಗೆ ಮೂರು ಸಲ ಕೂಗಿದರು. ಮಂಡಳಿಯ ಬಾಗಿಲು ಅಷ್ಟು ವರ್ಷದಲ್ಲಿ ಯಾವತ್ತೂ ತೆರೆದಿದ್ದಿಲ್ಲ, ಹೀಗಾಗಿ ಆ ಕೂಗು ಹೇಗಿರುತ್ತದೆ ಎಂದು ಓಣಿಯ ಜನ ಕೇಳಿದ್ದೂ ಅದೇ ಮೊದಲು. ಮೇಜು ಕಂಡಿತು. ನೆಲದ ಮೇಲಿನ ಇಕ್ಕಳ ಕಂಡಿತು. ಕೆಂಪಗಾದ ಮೂರು ಮುಖ ಕಂಡವು. ಗುಮಾಸ್ತ ತಲೆ ತಗ್ಗಿಸಿ ಬರೆಯುತ್ತಿದ್ದ. ಮೊದಲ ಹಾಳೆಯ ಮೇಲ್ಭಾಗದಲ್ಲೇ, ಅವನ ಸೊಟ್ಟ ಅಕ್ಷರದಲ್ಲಿ, ನ್ಯಾಯಾಲಯದ ಕಡತಕ್ಕೆಂದು ಬರೆದಿತ್ತು: ನನ್ ಕಿವಿ ತಗೊಂಡಿದ್ದು ನಿಮ್ ಫಿರಂಗಿ. ಕೊನೆಯ ಸಾಲನ್ನು ಈಗ ಬರೆದ: ಬಾಗಿಲು ಮುಚ್ಚಲು ಮೂರು ಬಾರಿ ಹೇಳಲಾಯಿತು, ಬಾಗಿಲು ತೆರೆದಿದೆ.

ಹೆಂಡತಿ ಮದ್ದಣ್ಣನ ಮುಖ ನೋಡಿದಳು. ಆಮೇಲೆ ಅವನ ಹಿಂದೆ ಬಾಯಿ ಬಿಟ್ಟುಕೊಂಡಿದ್ದ ಬಾಗಿಲನ್ನು ನೋಡಿದಳು. ಹದಿಮೂರು ವರ್ಷದ ಸಂಸಾರದಲ್ಲಿ ಅವನು ತೆರೆದೇ ಬಿಟ್ಟು ಬಂದ ಮೊದಲ ಬಾಗಿಲು. ಅವಳು ಅವನ ಬಲಗೈಯನ್ನು ತನ್ನ ಬಿರಿದ ಕೈಯಲ್ಲಿ ಹಿಡಿದುಕೊಂಡಳು. ಇಬ್ಬರೂ ಮೆಟ್ಟಿಲು ಇಳಿದರು.

ಕಾವಲಿನವನು ಮುಂದಿನವನನ್ನು ಕೂಗಿದ. ಅಡುಗೆ ಮನೆಯಲ್ಲಿ ಹಂಡೆ ಎತ್ತುವ ಆಳು, ಕುಂಟುತ್ತ ಬಂದ. ಬರುವಾಗ ಗಂಟು ಬಿಚ್ಚಿ ಅಂಗಿ ಹಾಕಿಕೊಂಡಿದ್ದ. ಅವನು ಒಳಗೆ ಹೋಗುತ್ತಲೇ ಅಧ್ಯಕ್ಷರು ಬಾಗಿಲು ಹಾಕು ಎಂದರು. ಅವನು ಹಾಕಲಿಲ್ಲ. ಇನ್ನೊಮ್ಮೆ ಹೇಳಿದರು. ಆಗಲೂ ಹಾಕಲಿಲ್ಲ.

ಅವನದು ಮೊಣಕಾಲಿನ ತೊಂದರೆ. ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.